ಭಾಸಲೋಕದ ವಿದ್ಯಾಲಯ ಮತ್ತು ಹೂಂಗುಟ್ಟುವ ಕಿವಿ: ಉನ್ನತ ಶಿಕ್ಷಣದ ನಾಳೆಯನ್ನು ಕುರಿತ ಒಂದು ಜಾನಪದೀಯ ವಿಮರ್ಶೆ

1

ಉನ್ನತ ಶಿಕ್ಷಣದ ಭವಿಷ್ಯವನ್ನು ಕುರಿತ ಚರ್ಚೆಗಳಲ್ಲಿ ‘ವರ್ಚುವಲ್’ ಎಂಬ ಪದ ಮತ್ತೆ ಮತ್ತೆ ಬಳಕೆಯಾಗುತ್ತಿದೆ. ಇದಕ್ಕೆ ಸಂವಾದಿಯಾಗಿ ಕನ್ನಡದಲ್ಲಿ ಮಿಥ್ಯಾ, ಕಲ್ಪಿತ, ಭಾಸ ಮುಂತಾದ ಪದಗಳನ್ನು ಬಳಸುವುದುಂಟು. ಇವುಗಳಲ್ಲಿ ‘ಮಿಥ್ಯೆ’ ತತ್ತ್ವಶಾಸ್ತ್ರದ ಭಾರವನ್ನು ಹೊತ್ತ ಪದ; ಅದನ್ನು ಒಪ್ಪಿಕೊಂಡರೆ ವಿಚಾರಣೆಗೆ ಮೊದಲೇ ತೀರ್ಪು ಕೊಟ್ಟಂತಾಗುತ್ತದೆ. ಆದ್ದರಿಂದ ಪ್ರಸ್ತುತ ಲೇಖನದಲ್ಲಿ ‘ಭಾಸಲೋಕ’ ಎಂಬ ಪದವನ್ನು ಆಯ್ದುಕೊಳ್ಳಲಾಗಿದೆ. ಗಣಕಯಂತ್ರವು ನಿರ್ಮಿಸುವ, ಬಳಕೆದಾರರು ಒಂದು ರೂಪವನ್ನು ಧರಿಸಿ ಒಳಹೊಕ್ಕು ಅಲ್ಲಿ ಸೇರಿದ ಇತರರೊಡನೆ ವ್ಯವಹರಿಸಬಹುದಾದ ಆವರಣ ಎಂಬುದು ಇಲ್ಲಿ ಅದರ ಅರ್ಥ.

ಇಂಥ ಲೋಕದಲ್ಲಿ ವಿಶ್ವವಿದ್ಯಾನಿಲಯವು ನೆಲೆಸಬಲ್ಲುದೇ ಎಂಬುದು ಪ್ರಶ್ನೆ. ಪರವಾಗಿ ಮಾತನಾಡುವವರು ದೂರ, ವೆಚ್ಚ ಮತ್ತು ಸ್ಥಳಾಭಾವಗಳ ನಿವಾರಣೆಯನ್ನು ಮುಂದಿಡುತ್ತಾರೆ. ವಿರೋಧಿಸುವವರು ಗುರುಶಿಷ್ಯ ಸಂಬಂಧದ ಪಾವಿತ್ರ್ಯವನ್ನು ಮುಂದಿಡುತ್ತಾರೆ. ಎರಡೂ ಪಕ್ಷಗಳು ಕಲಿಕೆಯನ್ನು ಗುರುವಿನಿಂದ ಶಿಷ್ಯನಿಗೆ ಇಳಿದು ಬರುವ ಒಂದು ವಸ್ತುವೆಂದೇ ಭಾವಿಸಿರುವುದು ಗಮನಾರ್ಹ. ಮೌಖಿಕ ಪರಂಪರೆಗಳ ಅಧ್ಯಯನವು ಇದಕ್ಕಿಂತ ಭಿನ್ನವಾದ ಒಂದು ಮಾನದಂಡವನ್ನು ಒದಗಿಸುತ್ತದೆ. ಅದು ಕೇಳುವವರ ಉತ್ತರದ ಮಾನದಂಡ. ಬೆಂಗಳೂರಿನ ಪಶ್ಚಿಮ ಭಾಗದ, ಅಂದರೆ ವಿಜಯನಗರ, ನಾಗರಬಾವಿ, ಕೆಂಗೇರಿಗಳ ಕೆಲವು ನಿದರ್ಶನಗಳನ್ನು ಮುಖ್ಯವಾಗಿಟ್ಟುಕೊಂಡು ಆ ಮಾನದಂಡವನ್ನು ಇಲ್ಲಿ ಪರೀಕ್ಷಿಸಲಾಗಿದೆ.

2

ದೂರದಿಂದ ಕಲಿಸುವ ಪ್ರಯತ್ನ ಕರ್ನಾಟಕಕ್ಕೆ ಹೊಸದೇನಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಅಂಚೆ ತೆರಪಿನ ಶಿಕ್ಷಣ 1969ರ ಸುಮಾರಿಗೆ ಆರಂಭವಾಯಿತು. ಅದೇ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಈ ನಡುವೆ, 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ, ಅಮೆರಿಕದ ಉಪಗ್ರಹವೊಂದರ ನೆರವಿನಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನದ ಪಾಠಗಳು ತಲುಪಿದವು. ‘ಸೈಟ್’ ಎಂದು ಹೆಸರಾದ ಆ ಪ್ರಯೋಗದಲ್ಲಿ ಕರ್ನಾಟಕದಿಂದ ಬಿಜಾಪುರ, ಗುಲಬರ್ಗಾ ಮತ್ತು ರಾಯಚೂರು ಜಿಲ್ಲೆಗಳ ಹಳ್ಳಿಗಳು ಸೇರಿದ್ದವು. ಊರಿನ ಜನರೆಲ್ಲ ಒಂದೇ ಪೆಟ್ಟಿಗೆಯ ಮುಂದೆ ಕುಳಿತು ನೋಡಿದರು. ಆದರೆ ನೋಡಿದವರ ಮಾತು ಪೆಟ್ಟಿಗೆಯೊಳಗಿನವರಿಗೆ ಕೇಳಿಸುವಂತಿರಲಿಲ್ಲ.

ಎರಡನೆಯ ಘಟ್ಟ 2004ರ ಸೆಪ್ಟೆಂಬರ್ 20ರಂದು ಉಡಾವಣೆಯಾದ ಎಜುಸ್ಯಾಟ್‌ನದು. ಶಿಕ್ಷಣಕ್ಕೆಂದೇ ಮೀಸಲಾದ ಈ ಉಪಗ್ರಹದ ಪ್ರಾಯೋಗಿಕ ಹಂತದಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯವೂ ಪಾಲುಗೊಂಡಿತ್ತು. ಬೆಂಗಳೂರಿನ ಪಶ್ಚಿಮ ಭಾಗದ ಹಲವು ಎಂಜಿನಿಯರಿಂಗ್ ಕಾಲೇಜುಗಳು ಈ ವಿಶ್ವವಿದ್ಯಾನಿಲಯದ ವ್ಯಾಪ್ತಿಗೆ ಸೇರಿದವು. ಶಾಲಾ ಹಂತದಲ್ಲಿ ಇದೇ ಉಪಗ್ರಹದ ಪಾಠಗಳು ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ತಲುಪಿದವು. ಎಜುಸ್ಯಾಟ್ ಜಾಲದಲ್ಲಿ ಎರಡು ಬಗೆಯ ಕೇಂದ್ರಗಳಿದ್ದವು: ಮರಳಿ ಪ್ರಶ್ನೆ ಕೇಳಬಲ್ಲವು ಮತ್ತು ಬಂದದ್ದನ್ನು ಪಡೆಯಲು ಮಾತ್ರ ಶಕ್ತವಾದವು. ಈ ವಿಭಜನೆ ತಾಂತ್ರಿಕವೆಂದು ಕಂಡರೂ ಅದರಲ್ಲಿ ಒಂದು ಶ್ರೇಣೀಕರಣ ಅಡಗಿದೆ. ಪ್ರಶ್ನೆ ಕೇಳುವ ಉಪಕರಣಕ್ಕೆ ಹೆಚ್ಚು ಖರ್ಚು. ಆದ್ದರಿಂದ ಅದು ಎಲ್ಲರಿಗೂ ದೊರೆಯುವುದಿಲ್ಲ. 2010ರಲ್ಲಿ ಎಜುಸ್ಯಾಟ್ ನಿವೃತ್ತವಾಯಿತು. ಆ ಶ್ರೇಣೀಕರಣ ಮಾತ್ರ ಹೊಸ ರೂಪಗಳಲ್ಲಿ ಮುಂದುವರಿದಿದೆ.

2003ರಲ್ಲಿ ಆರಂಭವಾದ ಎನ್‌ಪಿಟಿಇಎಲ್, 2017ರಲ್ಲಿ ಬಂದ ಸ್ವಯಂ ವೇದಿಕೆ, 2020ರ ಮಾರ್ಚ್‌ನ ಲಾಕ್‌ಡೌನ್ ನಂತರ ಎಲ್ಲೆಡೆ ಹರಡಿದ ಆನ್‌ಲೈನ್ ತರಗತಿ, ಇವೆಲ್ಲ ಇದೇ ಸಾಲಿನ ಬೆಳವಣಿಗೆಗಳು. ಲಾಕ್‌ಡೌನ್ ಕಾಲದ ತರಗತಿಯಲ್ಲಿ ಮರಳಿ ಮಾತನಾಡುವ ಸೌಲಭ್ಯ ತಾಂತ್ರಿಕವಾಗಿ ಎಲ್ಲರಿಗೂ ಇತ್ತು. ಆದರೂ ಧ್ವನಿ ಮುಚ್ಚಿದ, ಮುಖ ಕಾಣದ, ಹೆಸರು ಮಾತ್ರ ಬರೆದ ಕಪ್ಪು ಚೌಕಗಳ ಮುಂದೆ ಅಧ್ಯಾಪಕರು ಮಾತನಾಡಿದರು. ಸೌಲಭ್ಯವಿದ್ದ ಮಾತ್ರಕ್ಕೆ ಉತ್ತರ ಹುಟ್ಟುವುದಿಲ್ಲ ಎಂಬುದನ್ನು ಈ ಅನುಭವ ತೋರಿಸಿಕೊಟ್ಟಿತು.

3

ಎಜುಸ್ಯಾಟ್ ಪಾಠಗಳು ತಲುಪಿದ ಚಾಮರಾಜನಗರ ಜಿಲ್ಲೆಯೇ ಮಲೆಯ ಮಾದೇಶ್ವರ ಮತ್ತು ಮಂಟೇಸ್ವಾಮಿ ಮಹಾಕಾವ್ಯಗಳ ನೆಲೆಯೂ ಹೌದು. ಇವುಗಳನ್ನು ಹಾಡುವವರು ಕ್ರಮವಾಗಿ ಕಂಸಾಳೆಯ ದೇವರಗುಡ್ಡರು ಮತ್ತು ನೀಲಗಾರರು. ರಾತ್ರಿಗಳ ಕಾಲ ಹಾಡಬಹುದಾದ ಈ ಕಾವ್ಯಗಳು ‘ಸಾಲು’ಗಳಾಗಿ ವಿಂಗಡಣೆಗೊಂಡಿವೆ. ಪಿ.ಕೆ. ರಾಜಶೇಖರ ಅವರು ಸಂಪಾದಿಸಿದ ಮಲೆಯ ಮಾದೇಶ್ವರ 1973ರಲ್ಲಿ ಪ್ರಕಟವಾದ ಮೇಲೆ ಈ ಪರಂಪರೆ ವಿದ್ವತ್ ಲೋಕದ ಗಮನ ಸೆಳೆಯಿತು. ಪಠ್ಯ ಅಚ್ಚಾಯಿತು, ಆದರೆ ಅಚ್ಚಾದ ಪಠ್ಯವನ್ನು ಓದಿದ ಮಾತ್ರಕ್ಕೆ ಯಾರೂ ನೀಲಗಾರರಾಗುವುದಿಲ್ಲ.

ನೀಲಗಾರನ ಕಲಿಕೆಯಲ್ಲಿ ಮೂರು ಅಂಶಗಳನ್ನು ಗುರುತಿಸಬಹುದು. ಮೊದಲನೆಯದು ದೀಕ್ಷೆ: ಸಮುದಾಯವು ಆತನನ್ನು ಹಾಡಲು ಅರ್ಹನೆಂದು ಒಪ್ಪುವ ಕ್ರಿಯೆ. ಎರಡನೆಯದು ಹಿಮ್ಮೇಳ: ಕಲಿಯುವವನು ಮೊದಲು ಹಿಂದೆ ನಿಂತು ಸೊಲ್ಲು ಸೇರಿಸುತ್ತಾನೆ, ಮುಂದಾಳು ತಂಬೂರಿ ಹಿಡಿದು ಹಾಡುವಾಗ ಹಿಮ್ಮೇಳದವರು ಅದನ್ನು ಎತ್ತಿಕೊಳ್ಳುತ್ತಾರೆ, ಮುಂದಿನ ನುಡಿಗೆ ಆತನಿಗೆ ಬಿಡುವು ಕೊಡುತ್ತಾರೆ. ಮೂರನೆಯದು ಕೇಳುಗರ ಸಮ್ಮತಿ. ಕಥೆ ಹೇಳುವವರ ಎದುರು ಹೂಂಗುಟ್ಟುವವರು ಇರಬೇಕೆಂಬುದು ಕನ್ನಡ ನಾಡಿನ ಎಲ್ಲ ಕಡೆಯ ತಿಳಿವಳಿಕೆ. ಹೂಂಗುಟ್ಟುವಿಕೆ ನಿಂತಲ್ಲಿ ಕಥೆಯೂ ನಿಲ್ಲುತ್ತದೆ. ಕೇಳುವವರು ನಿದ್ರಿಸಿದರೆಂದೋ ಒಪ್ಪಲಿಲ್ಲವೆಂದೋ ಹೇಳುವವರು ತಿಳಿಯುತ್ತಾರೆ. ಹೀಗಾಗಿ ಕಥನವೆಂಬುದು ಹೇಳುವವರೊಬ್ಬರ ಕ್ರಿಯೆಯಾಗಿರದೆ ಕೇಳುವವರ ಹೊಣೆಯೂ ಆಗಿದೆ.

ಭಾಸವನ್ನು ಸೃಷ್ಟಿಸುವುದರ ಬಗ್ಗೆ ಜನಪದ ಪರಂಪರೆಗೆ ಎಂದೂ ಅಳುಕಿರಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ತೊಗಲುಗೊಂಬೆಯಾಟದ ಪರದೆ, ಅದರ ಹಿಂದಿನ ದೀಪ, ಬಣ್ಣ ಬಳಿದ ಚರ್ಮದ ರಾಮ ರಾವಣರು, ಇವು ಸೇರಿ ಕಟ್ಟಿಕೊಡುವುದೂ ಒಂದು ಭಾಸಲೋಕವೇ. ಕೊಪ್ಪಳ ಜಿಲ್ಲೆಯ ಮೊರನಾಳದ ಹಿರಿಯ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಘೋಷಣೆಯಾದುದು ಈ ಪರಂಪರೆ ಇಂದಿಗೂ ಉಸಿರಾಡುತ್ತಿರುವುದಕ್ಕೆ ಸಾಕ್ಷಿ. ಪರದೆಯ ಮುಂದೆ ಕುಳಿತವರಿಗೆ ಆಡಿಸುವವರು ಕಾಣುವುದಿಲ್ಲ. ಆದರೆ ನಗು, ಕೂಗು, ನಿಟ್ಟುಸಿರುಗಳೆಲ್ಲ ಪರದೆಯ ಹಿಂದಕ್ಕೆ ತಲುಪುತ್ತವೆ, ಆಟ ಅದಕ್ಕೆ ತಕ್ಕಂತೆ ಹಿಗ್ಗುತ್ತದೆ ಇಲ್ಲವೆ ಕುಗ್ಗುತ್ತದೆ. ಆದ್ದರಿಂದ ಪರದೆಯೇ ಕಲಿಕೆಗೆ ಶತ್ರುವೆಂಬ ವಾದಕ್ಕೆ ಜಾನಪದದಲ್ಲಿ ಆಧಾರವಿಲ್ಲ. ಪರದೆಯ ಮೂಲಕ ಮಾತು ಎರಡೂ ಕಡೆಗೆ ಹರಿಯುತ್ತದೆಯೇ ಎಂಬುದಷ್ಟೇ ಕೇಳಬೇಕಾದ ಪ್ರಶ್ನೆ.

4

ಈ ದೃಷ್ಟಿಯಿಂದ ಭಾಸಲೋಕವು ದೂರದರ್ಶನ ಪಾಠಕ್ಕಿಂತ ಮುಂದಿನ ಹೆಜ್ಜೆ ಎಂಬುದನ್ನು ಒಪ್ಪಬೇಕಾಗುತ್ತದೆ. 2003ರಲ್ಲಿ ಲಿಂಡನ್ ಲ್ಯಾಬ್ ಎಂಬ ಅಮೆರಿಕದ ಸಂಸ್ಥೆ ಸೆಕೆಂಡ್ ಲೈಫ್ ಎಂಬ ಭಾಸಲೋಕವನ್ನು ಸಾರ್ವಜನಿಕರಿಗೆ ತೆರೆಯಿತು. 2006ರಲ್ಲಿ ಹಾರ್ವರ್ಡ್ ಕಾನೂನು ಶಾಲೆಯ ಪಾಠಕ್ರಮವೊಂದರ ತರಗತಿಗಳು ಅಲ್ಲಿ ನಡೆದವು. ಮುಂದಿನ ಕೆಲವೇ ವರ್ಷಗಳಲ್ಲಿ ಪಾಶ್ಚಾತ್ಯ ವಿಶ್ವವಿದ್ಯಾನಿಲಯಗಳು ಅಲ್ಲಿ ಗ್ರಂಥಾಲಯ, ಸಭಾಂಗಣ, ಉದ್ಯಾನಗಳನ್ನು ಕಟ್ಟಿದವು. ಕಲಿಯುವವರು ತಮಗೆ ಬೇಕಾದ ರೂಪ ಧರಿಸಿ ಬಂದು ಕುಳಿತರು, ಕೈ ಎತ್ತಿದರು, ಪಕ್ಕದವರೊಡನೆ ಪಿಸುಗುಟ್ಟಿದರು. ಇಲ್ಲಿ ಹೂಂಗುಟ್ಟುವಿಕೆಗೆ ಅವಕಾಶವಿತ್ತು.

ಆ ರೂಪಕ್ಕೆ ಗಣಕಲೋಕವು ‘ಅವತಾರ’ ಎಂಬ ನಮ್ಮದೇ ಪದವನ್ನು ಎರವಲು ಪಡೆದಿದೆ. ಆದರೆ ಅವತಾರವೆಂದರೆ ಮೇಲಿನಿಂದ ಇಳಿದು ಬರುವುದು. ಅದರಲ್ಲಿ ದೈವದ ಅಧಿಕಾರವಿದೆ. ಕಲಿಯುವವರು ಧರಿಸುವ ರೂಪಕ್ಕೆ ಜನಪದದ ‘ವೇಷ’ ಎಂಬ ಪದ ಹೆಚ್ಚು ಸಲ್ಲುತ್ತದೆ. ಹಗಲುವೇಷದವರು ಹಾಡುಹಗಲೇ ವೇಷ ಕಟ್ಟಿ ಬೀದಿಗೆ ಬರುತ್ತಾರೆ. ವೇಷದೊಳಗೆ ಮನುಷ್ಯನಿದ್ದಾನೆ ಎಂಬುದು ನೋಡುವವರಿಗೆ ಗೊತ್ತು, ಗೊತ್ತಿದ್ದೂ ವೇಷವನ್ನು ಗೌರವಿಸುತ್ತಾರೆ. ವೇಷ ಕಟ್ಟಿದವರಿಗೆ ಬರಿಮುಖದಲ್ಲಿ ಆಡಲಾಗದ ಮಾತನ್ನು ಆಡುವ ಸ್ವಾತಂತ್ರ್ಯ ದೊರೆಯುತ್ತದೆ. ಜಾತಿ, ಲಿಂಗ, ಉಚ್ಚಾರಣೆ, ಉಡುಪುಗಳ ಕಾರಣದಿಂದ ತರಗತಿಯ ಕೊನೆಯ ಬೆಂಚಿನಲ್ಲಿ ಮೌನವಾಗಿ ಕೂರುವ ವಿದ್ಯಾರ್ಥಿಗೆ ಇದು ಸಣ್ಣ ಲಾಭವಲ್ಲ. ಮನೆಯಿಂದ ಹೊರಗೆ ಕಳುಹಿಸದ ಕುಟುಂಬಗಳ ಹೆಣ್ಣುಮಕ್ಕಳಿಗೂ ಇದು ಒಂದು ಬಾಗಿಲು. ಭಾಸಲೋಕದ ಶಿಕ್ಷಣವನ್ನು ಸಾರಾಸಗಟಾಗಿ ತಳ್ಳಿಹಾಕುವವರು ಈ ಅಂಶವನ್ನು ಅಲಕ್ಷಿಸುತ್ತಾರೆ.

ಹಾಗಿದ್ದೂ ಆ ವಿದ್ಯಾಲಯಗಳು ಬಹುಕಾಲ ಅಲ್ಲಿ ನಿಲ್ಲಲಿಲ್ಲ. 2010ರಲ್ಲಿ ಲಿಂಡನ್ ಲ್ಯಾಬ್ ಶಿಕ್ಷಣ ಸಂಸ್ಥೆಗಳಿಗೆ ಕೊಡುತ್ತಿದ್ದ ಅರ್ಧ ದರದ ರಿಯಾಯಿತಿಯನ್ನು ರದ್ದುಪಡಿಸುವುದಾಗಿ ಪ್ರಕಟಿಸಿತು. ಅನೇಕ ಸಂಸ್ಥೆಗಳು ತಾವು ಕಟ್ಟಿದ್ದನ್ನು ಬಿಟ್ಟು ಹೊರಟವು. 2013ರಲ್ಲಿ ರಿಯಾಯಿತಿ ಮರಳಿದರೂ ಹೋದವರಲ್ಲಿ ಹೆಚ್ಚಿನವರು ಮರಳಲಿಲ್ಲ. ಬಾಡಿಗೆ ಮನೆಗೆ ಸುಣ್ಣ ಬಳಿದವರ ಪಾಡು ಇದು. ಕೆಂಗೇರಿ ಮತ್ತು ನಾಗರಬಾವಿಗಳ ನಡುವೆ ಹರಡಿರುವ ಬೆಂಗಳೂರು ವಿಶ್ವವಿದ್ಯಾನಿಲಯದ ಜ್ಞಾನಭಾರತಿ ಆವರಣಕ್ಕೂ ಒತ್ತುವರಿ, ರಸ್ತೆ, ಕಟ್ಟಡಗಳ ಸಮಸ್ಯೆಗಳಿಲ್ಲದೆ ಇಲ್ಲ. ಆದರೆ ಅದು ಸಾರ್ವಜನಿಕ ನೆಲ. ಅದರ ಬಗ್ಗೆ ಪ್ರಶ್ನಿಸಲು ಶಾಸನಸಭೆಯಿದೆ, ನ್ಯಾಯಾಲಯವಿದೆ, ವಿದ್ಯಾರ್ಥಿ ಚಳವಳಿಯಿದೆ. ಖಾಸಗಿ ಕಂಪನಿಯ ಭಾಸಲೋಕದಲ್ಲಿ ಬಾಡಿಗೆಯ ಷರತ್ತು ಬದಲಾದರೆ ಹೂಂಗುಟ್ಟಲೂ ಉಹೂಂ ಎನ್ನಲೂ ಕಲಿಯುವವರಿಗೆ ಹಕ್ಕಿಲ್ಲ. 2021ರ ಅಕ್ಟೋಬರ್‌ನಲ್ಲಿ ಫೇಸ್‌ಬುಕ್ ಕಂಪನಿ ‘ಮೆಟಾ’ ಎಂಬ ಹೆಸರು ಧರಿಸಿ ‘ಮೆಟಾವರ್ಸ್’ನ ಮಾತೆತ್ತಿದಾಗ ಶಿಕ್ಷಣದ ಭರವಸೆಗಳೂ ಅದರೊಡನೆ ಬಂದವು. ಆ ಪದ ಹುಟ್ಟಿದ್ದು ನೀಲ್ ಸ್ಟೀಫನ್‌ಸನ್ ಅವರ 1992ರ ಕಾದಂಬರಿಯೊಂದರಲ್ಲಿ. ಆ ಕಾದಂಬರಿಯ ಭಾಸಲೋಕದಲ್ಲೂ ಉಳ್ಳವರ ವೇಷಕ್ಕೂ ಇಲ್ಲದವರ ವೇಷಕ್ಕೂ ಭೇದವಿದೆ ಎಂಬುದನ್ನು ಆ ಭರವಸೆಗಳು ನೆನಪಿಸಲಿಲ್ಲ.

5

ವೇಷದೊಳಗೆ ಇರುವವರು ಯಾರು ಎಂಬ ಪ್ರಶ್ನೆ ಆಟದಲ್ಲಿ ತೊಡಕಾಗುವುದಿಲ್ಲ, ಪರೀಕ್ಷೆಯಲ್ಲಿ ತೊಡಕಾಗುತ್ತದೆ. ಇದಕ್ಕೆ ನಾಗರಬಾವಿಯ ರಾಷ್ಟ್ರೀಯ ಕಾನೂನು ಶಾಲೆಯ ಪ್ರವೇಶ ಪರೀಕ್ಷೆಯ ಪ್ರಕರಣವೇ ನಿದರ್ಶನ. ಕೊರೋನಾ ಕಾಲದಲ್ಲಿ ಕಾನೂನು ವಿಶ್ವವಿದ್ಯಾನಿಲಯಗಳ ಸಾಮಾನ್ಯ ಪ್ರವೇಶ ಪರೀಕ್ಷೆ ಪದೇ ಪದೇ ಮುಂದೂಡಲ್ಪಟ್ಟಾಗ, ಈ ಸಂಸ್ಥೆ 2020ರ ಸೆಪ್ಟೆಂಬರ್ ಆರಂಭದಲ್ಲಿ ತನ್ನದೇ ಪ್ರತ್ಯೇಕ ಪರೀಕ್ಷೆಯನ್ನು ಪ್ರಕಟಿಸಿತು. ಅಭ್ಯರ್ಥಿಗಳು ಮನೆಯಲ್ಲಿಯೇ ಕುಳಿತು ಅಂತರ್ಜಾಲದ ಮೂಲಕ ಬರೆಯಬೇಕಾದ ಪರೀಕ್ಷೆ ಅದು. ಸೆಪ್ಟೆಂಬರ್ 12ರಂದು ಪರೀಕ್ಷೆ ನಡೆದು, ತಾಂತ್ರಿಕ ತೊಂದರೆಗೊಳಗಾದವರಿಗೆ 14ರಂದು ಮರುಪರೀಕ್ಷೆಯಾಯಿತು. ಸೆಪ್ಟೆಂಬರ್ 21ರಂದು ಸರ್ವೋಚ್ಚ ನ್ಯಾಯಾಲಯವು ಆ ಪರೀಕ್ಷೆಯ ಅಧಿಸೂಚನೆಯನ್ನು ರದ್ದುಪಡಿಸಿ, ಸಾಮಾನ್ಯ ಪ್ರವೇಶ ಪರೀಕ್ಷೆಯ ಮೂಲಕವೇ ಪ್ರವೇಶ ನೀಡಬೇಕೆಂದು ಆದೇಶಿಸಿತು. ಅಲ್ಪಾವಧಿಯ ಸೂಚನೆ ಮತ್ತು ತಾಂತ್ರಿಕ ಅಗತ್ಯಗಳು ಅನೇಕರನ್ನು ಅವಕಾಶವಂಚಿತರನ್ನಾಗಿಸಿದವು ಎಂಬುದೂ, ಮನೆಯಲ್ಲಿ ಬರೆಯುವ ಪರೀಕ್ಷೆಯಲ್ಲಿ ಪಾರದರ್ಶಕತೆಯನ್ನು ಕಾಪಾಡಲಾಗದು ಎಂಬುದೂ ನ್ಯಾಯಾಲಯದ ಕಾರಣಗಳಲ್ಲಿ ಸೇರಿದ್ದವು.

ಶೈಕ್ಷಣಿಕ ವರ್ಷ ಕೈತಪ್ಪದಿರಲೆಂಬುದು ಸಂಸ್ಥೆಯ ಕಾಳಜಿಯಾಗಿತ್ತೆಂಬುದನ್ನು ಮರೆಯುವಂತಿಲ್ಲ. ಆದರೂ ಈ ಪ್ರಕರಣ ಭಾಸಲೋಕದ ವಿದ್ಯಾಲಯವು ಎದುರಿಸಬೇಕಾದ ಎರಡು ಇಕ್ಕಟ್ಟುಗಳನ್ನು ಒಟ್ಟಿಗೆ ಬಯಲಿಗೆ ತಂದಿತು. ಬಾಗಿಲಲ್ಲಿ ಯಾರನ್ನು ಬಿಡಲಾಗುತ್ತದೆ ಎಂಬುದು ಒಂದು. ಒಳಗೆ ಬಂದವರು ಯಾರೆಂದು ನಂಬುವುದು ಹೇಗೆ ಎಂಬುದು ಇನ್ನೊಂದು. ಮೊದಲನೆಯದನ್ನು ಸಡಿಲಿಸಿದರೆ ಎರಡನೆಯದು ಬಿಗಿಯಾಗಬೇಕಾಗುತ್ತದೆ. ಎರಡನೆಯದನ್ನು ಬಿಗಿಗೊಳಿಸಲು ಕ್ಯಾಮೆರಾ, ವೇಗದ ಸಂಪರ್ಕ, ಪ್ರತ್ಯೇಕ ಕೋಣೆಗಳು ಬೇಕಾಗಿ ಮೊದಲನೆಯ ಬಾಗಿಲು ತಾನಾಗಿಯೇ ಮುಚ್ಚಿಕೊಳ್ಳುತ್ತದೆ.

ಮಂಟೇಸ್ವಾಮಿ ಕಾವ್ಯದ ಕಲ್ಯಾಣ ಪಟ್ಟಣದ ಸಾಲು ಈ ಇಕ್ಕಟ್ಟನ್ನು ಬಹು ಹಿಂದೆಯೇ ಕಂಡಿದೆ. ಅಸಹ್ಯ ಹುಟ್ಟಿಸುವ ತಿರುಕನ ವೇಷದಲ್ಲಿ ಕಲ್ಯಾಣದ ಬಾಗಿಲಿಗೆ ಬಂದ ಮಂಟೇಸ್ವಾಮಿಯನ್ನು ಅಲ್ಲಿನವರು ಒಳಗೆ ಬಿಡಲೊಪ್ಪುವುದಿಲ್ಲ. ಸಮಾನತೆಯನ್ನು ಸಾರಿದ ಪಟ್ಟಣವೇ ತನ್ನ ಬಾಗಿಲಲ್ಲಿ ಪರೀಕ್ಷೆಗೊಳಗಾಗುತ್ತದೆ. ಅಲ್ಲಿ ಪರೀಕ್ಷಿಸಲ್ಪಡುವುದು ಬಂದವನ ಅರ್ಹತೆಯಲ್ಲ, ಪಟ್ಟಣದ ಅರ್ಹತೆ. ಎಲ್ಲರಿಗೂ ತೆರೆದಿದೆಯೆಂದು ಹೇಳಿಕೊಳ್ಳುವ ಯಾವುದೇ ವಿದ್ಯಾಲಯವನ್ನು, ಅದು ಕಲ್ಲಿನದಾಗಿರಲಿ ಭಾಸದ್ದಾಗಿರಲಿ, ಅದೇ ಬಾಗಿಲಲ್ಲಿ ನಿಂತು ಅಳೆಯಬೇಕಾಗುತ್ತದೆ.

ಇನ್ನು ದೀಕ್ಷೆಯ ಪ್ರಶ್ನೆ. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ಕೋರ್ಸುಗಳಿಗೆ 2012-13ರ ನಂತರ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ಮಾನ್ಯತೆ ಇಲ್ಲವಾಗಿ, 2018ರಲ್ಲಿ ಅದು ಮರಳಿ ದೊರೆಯಿತು. ಆ ನಡುವಿನ ಅವಧಿಯಲ್ಲಿ ವಿದ್ಯಾರ್ಥಿಗಳು ಕಲಿತದ್ದು ಕಡಿಮೆಯಾಗಿರಲಿಲ್ಲ. ಕಲಿತದ್ದನ್ನು ಒಪ್ಪುವವರು ಇಲ್ಲವಾಗಿದ್ದರು. ಪದವಿಯೆಂಬುದು ಸಮಾಜವು ಹಾಕುವ ‘ಹೂಂ’. ಅದು ಸಿಗುವ ಖಾತ್ರಿಯಿಲ್ಲದ ಕಡೆಗೆ ಬಡ ವಿದ್ಯಾರ್ಥಿಗಳನ್ನು ಕಳುಹಿಸುವುದು ಅನ್ಯಾಯ.

6

ಭಾಸಲೋಕದ ಪರವಾದ ವಾದ ಪೂರ್ಣ ಸತ್ಯವಾಗಿದ್ದರೆ ವಿಜಯನಗರ, ಚಂದ್ರಾ ಲೇಔಟ್, ಅತ್ತಿಗುಪ್ಪೆಗಳ ಇಂದಿನ ಚಿತ್ರ ಬೇರೆಯಾಗಿರಬೇಕಿತ್ತು. ಕೆ.ಎ.ಎಸ್., ಐ.ಎ.ಎಸ್. ಮತ್ತಿತರ ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿ ಕೇಂದ್ರಗಳು ಇಲ್ಲಿ ದಟ್ಟೈಸಿವೆ. ಈ ಪಾಠಗಳಲ್ಲಿ ಹೆಚ್ಚಿನವು ಮೊಬೈಲಿನಲ್ಲಿ ಅಗ್ಗವಾಗಿ, ಕೆಲವೊಮ್ಮೆ ಉಚಿತವಾಗಿ ದೊರೆಯುತ್ತವೆ. ಆದರೂ ಕಲಬುರಗಿ, ರಾಯಚೂರು, ವಿಜಯಪುರ, ಬಾಗಲಕೋಟೆಗಳ ಕಡೆಯಿಂದ ಯುವಕ ಯುವತಿಯರು ಇಲ್ಲಿಗೆ ಬಂದು ಪಿ.ಜಿ.ಗಳ ಇಕ್ಕಟ್ಟಿನ ಕೋಣೆಗಳಲ್ಲಿ ಇರುತ್ತಾರೆ, ಗ್ರಂಥಾಲಯಗಳ ವಾಚನಾಲಯಗಳಲ್ಲಿ ಬೆಳಗಿನಿಂದ ಜಾಗ ಹಿಡಿಯುತ್ತಾರೆ, ಸಂಜೆ ಚಹಾದಂಗಡಿಯ ಮುಂದೆ ಗುಂಪುಗೂಡಿ ಪ್ರಶ್ನೆಪತ್ರಿಕೆಗಳನ್ನು ಬಿಡಿಸುತ್ತಾರೆ. ಊರಿನಲ್ಲಿ ಸಿಗದ ಯಾವುದನ್ನು ಇವರು ಬಾಡಿಗೆ ಕೊಟ್ಟು ಇಲ್ಲಿ ಪಡೆಯುತ್ತಿದ್ದಾರೆ? ಅದು ಪಾಠವಲ್ಲ, ಸಹವಾಸ. ತಾನು ಓದುವಾಗ ಪಕ್ಕದಲ್ಲಿ ಓದುವವನಿದ್ದಾನೆ, ತಾನು ತಪ್ಪಿದಾಗ ತಿದ್ದುವವಳಿದ್ದಾಳೆ ಎಂಬ ಭರವಸೆ ಅದು. ಜನಪದದ ಮಾತಿನಲ್ಲಿ ಹೇಳುವುದಾದರೆ ಇವರು ಹುಡುಕಿ ಬಂದಿರುವುದು ಹಿಮ್ಮೇಳವನ್ನು.

ಈ ಸಹವಾಸವನ್ನು ವೈಭವೀಕರಿಸುವ ಅಗತ್ಯವಿಲ್ಲ. ಅದಕ್ಕೆ ತೆರುವ ಬೆಲೆ ದೊಡ್ಡದು. ಊರಿನ ಜಮೀನಿನ ಮೇಲೆ ಸಾಲ ಮಾಡಿ ಬಂದವರೂ ಇದ್ದಾರೆ, ಬರಲಾಗದೆ ಉಳಿದವರು ಇನ್ನೂ ಹೆಚ್ಚು. ನಾಳೆಯ ನಿಜವಾದ ಅಪಾಯ ಇರುವುದು ಇಲ್ಲಿಯೇ. ಭಾಸಲೋಕವು ವಿಶ್ವವಿದ್ಯಾನಿಲಯವನ್ನು ನುಂಗಿಬಿಡುತ್ತದೆ ಎಂಬ ಭಯ ಅತಿಶಯದ್ದು. ಒಡನಾಟವಿರುವ ಶಿಕ್ಷಣ ಉಳ್ಳವರ ಮಕ್ಕಳಿಗೆ, ಭಾಸದ ಶಿಕ್ಷಣ ಇಲ್ಲದವರ ಮಕ್ಕಳಿಗೆ ಎಂದು ಉನ್ನತ ಶಿಕ್ಷಣ ಎರಡು ಪಾಲಾಗುವ ಸಂಭವವೇ ಹೆಚ್ಚು. ಮೊದಲ ತಲೆಮಾರಿನ ಪದವೀಧರರಿಗೆ ಪುಸ್ತಕಕ್ಕಿಂತ ಹೆಚ್ಚಾಗಿ ಬೇಕಾದದ್ದು, ಪ್ರಶ್ನೆ ಕೇಳುವ ಧೈರ್ಯವನ್ನು ಕೊಡುವ ಸಂಗ. ಅವರಿಗೇ ಅದು ಮೊದಲು ಇಲ್ಲವಾಗುತ್ತದೆ.

7

ಹಾಗಾದರೆ ಭಾಸಲೋಕಕ್ಕೆ ಉನ್ನತ ಶಿಕ್ಷಣದಲ್ಲಿ ಸಲ್ಲುವ ಜಾಗ ಯಾವುದು? ಸುರತ್ಕಲ್ಲಿನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯೂ ಪಾಲುಗೊಂಡಿರುವ ಕೇಂದ್ರ ಸರ್ಕಾರದ ವರ್ಚುವಲ್ ಲ್ಯಾಬ್ಸ್ ಯೋಜನೆ ಒಂದು ಉತ್ತರವನ್ನು ಸೂಚಿಸುತ್ತದೆ. ದುಬಾರಿ ಉಪಕರಣವಿಲ್ಲದ ಕಾಲೇಜಿನ ವಿದ್ಯಾರ್ಥಿ ಅಲ್ಲಿ ಪ್ರಯೋಗದ ಕ್ರಮವನ್ನು ಮೊದಲೇ ಅಭ್ಯಾಸ ಮಾಡಬಹುದು, ತಪ್ಪಿದರೆ ಮತ್ತೆ ಮಾಡಬಹುದು. ಜಾನಪದ ಅಧ್ಯಯನಕ್ಕೂ ಇಂಥ ಸಾಧ್ಯತೆಗಳಿವೆ. ಕೆಂಗೇರಿಯನ್ನು ದಾಟಿ ಮೈಸೂರು ರಸ್ತೆಯಲ್ಲಿ ಮುಂದುವರಿದರೆ ರಾಮನಗರದ ಬಳಿ, ಎಚ್.ಎಲ್. ನಾಗೇಗೌಡರು 1994ರಲ್ಲಿ ಸ್ಥಾಪಿಸಿದ ಜಾನಪದ ಲೋಕವಿದೆ. ಅಲ್ಲಿನ ವಸ್ತುಸಂಗ್ರಹವೂ ಧ್ವನಿಮುದ್ರಣಗಳೂ ಭಾಸಲೋಕದ ಮೂಲಕ ದೂರದ ಸಂಶೋಧಕರಿಗೆ ತೆರೆದುಕೊಂಡರೆ ಅದು ಉಪಕಾರವೇ. ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯದ ವಿದ್ಯಾರ್ಥಿ, ಚಿಕ್ಕಲ್ಲೂರು ಜಾತ್ರೆಗೆ ಹೋಗುವ ಮುನ್ನ ಆ ಆವರಣವನ್ನು ಭಾಸವಾಗಿ ಸುತ್ತಿ ಬರಬಹುದು. ಆದರೆ ಹೋಗುವ ಮುನ್ನ ಎಂಬ ಮಾತು ಮುಖ್ಯ. ಜಾತ್ರೆಯ ಭಾಸವನ್ನು ನೋಡಿದವರು ಜಾತ್ರೆಯ ಬಗ್ಗೆ ಬರೆಯಬಹುದು. ಜಾತ್ರೆಗೆ ಬಂದವರು, ಹಾಗೆ ಬರೆದದ್ದು ತಪ್ಪೆಂದು ಹೇಳಲು ಮಾತ್ರ ಅಲ್ಲಿ ಅವಕಾಶವಿಲ್ಲ. ಕ್ಷೇತ್ರಕಾರ್ಯದ ಜೀವ ಇರುವುದು ಈ ತಿದ್ದುಪಡಿಯಲ್ಲಿ.

ಈ ಚರ್ಚೆಯಿಂದ ಮೂರು ಷರತ್ತುಗಳನ್ನು ನಿರೂಪಿಸಬಹುದು. ಒಂದು, ಭಾಸಲೋಕದ ವಿದ್ಯಾಲಯ ಸಾರ್ವಜನಿಕ ಒಡೆತನದಲ್ಲಿರಬೇಕು. ಅಲ್ಲಿ ಕಟ್ಟಿದ್ದು ಕಟ್ಟಿದವರ ಕೈಯಲ್ಲಿ ಉಳಿಯಬೇಕು. ಎರಡು, ಕೇಳುವ ಪ್ರತಿಯೊಬ್ಬರಿಗೂ ಉತ್ತರಿಸುವ ಉಪಕರಣವೂ ಅದಕ್ಕೆ ಬೇಕಾದ ಸಣ್ಣ ಗುಂಪೂ ದೊರೆಯಬೇಕು; ಸಾವಿರಾರು ಜನರಿಗೆ ಒಬ್ಬ ಅಧ್ಯಾಪಕನೆಂಬ ಲೆಕ್ಕದಲ್ಲಿ ಹೂಂಗುಟ್ಟುವಿಕೆ ಕೇಳಿಸದು. ಮೂರು, ಅದು ಆವರಣದ ಕಲಿಕೆಗೆ ಪೂರಕವಾಗಿರಬೇಕೇ ಹೊರತು ಬಡವರಿಗೆ ಕೊಡುವ ಬದಲಿ ವ್ಯವಸ್ಥೆಯಾಗಬಾರದು.

2022-23ರ ಕೇಂದ್ರ ಮುಂಗಡಪತ್ರದಲ್ಲಿ ಡಿಜಿಟಲ್ ವಿಶ್ವವಿದ್ಯಾನಿಲಯವೊಂದರ ಸ್ಥಾಪನೆಯ ಘೋಷಣೆಯಾಗಿದೆ. ಇಂಥ ಯೋಜನೆಗಳ ಯಶಸ್ಸನ್ನು ಎಷ್ಟು ಜನ ಒಳಹೊಕ್ಕರು ಎಂಬ ಲೆಕ್ಕದಿಂದ ಅಳೆಯುವುದು ರೂಢಿ. ಸೈಟ್‌ನ ಕಾಲದಲ್ಲಿಯೂ ಎಜುಸ್ಯಾಟ್‌ನ ಕಾಲದಲ್ಲಿಯೂ ತಲುಪಿದ ಹಳ್ಳಿಗಳನ್ನು, ಶಾಲೆಗಳನ್ನು ಎಣಿಸಲಾಯಿತು. ಮರಳಿ ಬಂದ ಪ್ರಶ್ನೆಗಳನ್ನು ಎಣಿಸುವ ಕ್ರಮ ಇನ್ನಾದರೂ ಆರಂಭವಾಗಬೇಕಾಗಿದೆ.